ಒಬ್ಬನೇ ಹುಡುಗ ಗೋಲ್‌ಕೀಪರೂ ಹೌದು, ಬ್ಲಾಕರೂ ಹೌದು: ಅವನ ನಿಜವಾದ ಆಟ ಯಾವುದು?

ಡೊಂಬಿವಲಿ ಗ್ಯಾಲರಿ:

ಮುಂಬೈಯ ಒಂದು ಕಾಲೇಜಿನ ಎರಡನೇ ವರ್ಷದ ಹುಡುಗನ ಬಗ್ಗೆ ನಮ್ಮ ಕನ್ನಡ ಬಳಗದಲ್ಲಿ ವಾದ ನಿಲ್ತಾನೇ ಇಲ್ಲ. ಹೆಸರು ಬೇಡ, ಆಟದ ಮಾತಷ್ಟೇ ಸಾಕು. ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್, ವಾಲಿಬಾಲ್ ತಂಡದಲ್ಲಿ ಮಧ್ಯದ ಬ್ಲಾಕರ್, ಅಂದರೆ ನೆಟ್ಟಿನ ಮಧ್ಯದಲ್ಲಿ ನಿಂತು ಎದುರಾಳಿಯ ಹೊಡೆತ ತಡೆಯುವವನು. ಎತ್ತರ 188 ಸೆಂ.ಮೀ. ವಿಶ್ವವಿದ್ಯಾಲಯದ ತಂಡಕ್ಕೆ ಎರಡು ಕಡೆಯಿಂದಲೂ ಕರೆ ಬಂದು ಶಿಬಿರಗಳು ಒಂದೇ ವಾರಕ್ಕೆ ಬಿದ್ದರೆ ಒಂದನ್ನು ಬಿಡಲೇಬೇಕು.

ಬಳಗದಲ್ಲಿ ಎರಡು ಪಕ್ಷ. ಒಂದು ಪಕ್ಷದವರ ಲೆಕ್ಕ ಹೀಗೆ: ಗಂಡಸರ ನೆಟ್ 2.43 ಮೀಟರ್, ಗೋಲಿನ ಮೇಲ್ಗಂಬಿ 2.44 ಮೀಟರ್, ಅಲ್ಲಿ ಹಾರಿದವನು ಇಲ್ಲೂ ಹಾರ್ತಾನೆ, ಪ್ರತಿಭೆ ಒಂದೇ. ಇನ್ನೊಂದು ಪಕ್ಷದ ಪ್ರಕಾರ ಅವನ ಬ್ಲಾಕ್ ಪ್ರತಿಭೆ, ಗೋಲು ಉಳಿಸಿದ್ದು ಅದೃಷ್ಟ. ಎರಡೂ ನನಗೆ ಸಮಾಧಾನ ಕೊಡ್ತಾ ಇಲ್ಲ. ಚಪ್ಪಾಳೆ ಬಿದ್ದ ಕ್ಷಣಗಳನ್ನು ಬಿಟ್ಟು, ಪೂರ್ತಿ ಪಂದ್ಯ ನೋಡುವಾಗ ಯಾವುದನ್ನು ಗಮನಿಸಬೇಕು, ಯಾವುದನ್ನು ಬರೆದಿಟ್ಟುಕೊಳ್ಳಬೇಕು? ಮಧ್ಯದ ಬ್ಲಾಕರ್‌ಗೆ 188 ಸಾಕಾ? ಎರಡೂ ಆಟ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಮೂರು ಮೀಟರ್ ಗೆರೆ (ಕುರ್ಲಾ):

ಮೊದಲು ಎತ್ತರದ ಮಾತು ಬಿಡಿ ಮಾರಾಯ್ರೆ, ನಿಂತಲ್ಲಿಂದ ಕೈ ಎಷ್ಟು ಮೇಲೆ ಹೋಗ್ತದೆ ಅಂತ ಅಳೆಯಿರಿ. 188 ಇರುವ ಇಬ್ಬರು ಹುಡುಗರಲ್ಲಿ ತೋಳಿನ ಉದ್ದದಿಂದಲೇ ಐದಾರು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗ್ತದೆ. ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆ ಹತ್ತಿರ ನಿಲ್ಲಿಸಿ, ಹಿಮ್ಮಡಿ ನೆಲಕ್ಕೆ ತಾಗಿಯೇ ಇರಬೇಕು. ಒಂದು ಗುರುತು ಹಾಗೆ. ಎರಡನೇದು ನಿಂತಲ್ಲಿಂದಲೇ ಎರಡೂ ಕೈ ಎತ್ತಿ ಹಾರಿ, ಅದು ಬ್ಲಾಕಿನ ಎತ್ತರ. ಮೂರನೇದು ಮೂರು ಹೆಜ್ಜೆ ಓಡಿ ಬಂದು ಒಂದೇ ಕೈಯಲ್ಲಿ, ಅದು ಸ್ಮ್ಯಾಷಿನ ಎತ್ತರ. ಒಂದೊಂದಕ್ಕೂ ಮೂರು ಸಲ ಬಿಡಿ, ಒಳ್ಳೆಯದನ್ನು ಬರೆದುಕೊಳ್ಳಿ.

ಬ್ಲಾಕಿಗೆ ಬೆರಳ ತುದಿ ನೆಟ್ ದಾಟಿದರೆ ಸಾಲದು. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಸುಮಾರು 20 ಸೆಂ.ಮೀ. ಉಂಟು. ಅಂದರೆ ತುದಿ 2.63 ಮೀಟರಿಗೆ ಹೋದಾಗ ಮಣಿಕಟ್ಟು ನೆಟ್ಟಿನ ಮಟ್ಟಕ್ಕೆ ಬಂತು ಅಷ್ಟೆ. ಕೈಯನ್ನು ಎದುರಾಳಿಯ ಕಡೆಗೆ ಬಗ್ಗಿಸಿ ಮುಚ್ಚಬೇಕಾದರೆ 2.80 ಆದರೂ ಬೇಕು. ಮುಂದೋಳು ಮತ್ತು ನೆಟ್ಟಿನ ನಡುವೆ ಸಂದು ಬಿಟ್ಟರೆ ಚೆಂಡು ಕೈಗೆ ಬಡಿದು ನಮ್ಮ ಬದಿಗೇ ಇಳೀತದೆ. ನೋಡುವವರು "ಪಾಪ, ಬ್ಲಾಕ್ ತಾಗಿತ್ತು" ಅಂತಾರೆ. ಅದು ದುರದೃಷ್ಟ ಅಲ್ಲ, ತಪ್ಪು.

ಕೀಪರ್ ಆಗಿರುವ ಹುಡುಗರು ನೆಟ್ಟಿನ ಹತ್ತಿರ ಮಾಡುವ ದೊಡ್ಡ ತಪ್ಪು ಅಂದರೆ ಚೆಂಡನ್ನು ಅಟ್ಟಿಸಿಕೊಂಡು ಹೋಗುವುದು. ಕೀಪರ್‌ನ ಕೈ ಚೆಂಡಿನ ಕಡೆಗೇ ಹೋಗಬೇಕು, ಅದು ಅವನ ಕೆಲಸ. ಬ್ಲಾಕರ್ ಮುಚ್ಚಬೇಕಾದ್ದು ದಾರಿಯನ್ನು. ಚೆಂಡಿನ ಹಿಂದೆ ಕೈ ಬೀಸಿದರೆ ಎರಡು ಕೈ ನಡುವೆ ಬಾಗಿಲು ತೆರೀತದೆ, ಇಲ್ಲದಿದ್ದರೆ ನೆಟ್ ತಾಗಿ ಪಾಯಿಂಟ್ ಹೋಗ್ತದೆ. ಈ ಹುಡುಗ ಒಂದು ಪಂದ್ಯದಲ್ಲಿ ಎಷ್ಟು ಸಲ ನೆಟ್ ಮುಟ್ಟಿದ, ಎಷ್ಟು ಸಲ ಒಂದೇ ಕೈ ಚಾಚಿದ ಅಂತ ಎಣಿಸಿ. ಒಂದು ಸೆಟ್ಟಿಗೆ ಎರಡಕ್ಕಿಂತ ಹೆಚ್ಚಾದರೆ ಅವನು ಇನ್ನೂ ನೆಟ್ಟಿನ ಮುಂದೆ ನಿಂತ ಕೀಪರೇ.

ಇನ್ನು ಕಣ್ಣು. ಎದುರಾಳಿಯ ಫಸ್ಟ್ ಬಾಲ್ (ಸರ್ವಿಸ್ ತಡೆದು ಎತ್ತಿದ ಮೊದಲ ಚೆಂಡು) ಎದ್ದ ಕೂಡಲೇ ಒಳ್ಳೆಯ ಮಧ್ಯದವನು ಚೆಂಡನ್ನು ಬಿಟ್ಟು ಲಿಫ್ಟರನ್ನು, ಅಂದರೆ ಸ್ಮ್ಯಾಷಿಗೆ ಚೆಂಡು ಎತ್ತಿಕೊಡುವವನನ್ನು, ನೋಡ್ತಾನೆ. ಲಿಫ್ಟರ್ ಕೈಯಿಂದ ಚೆಂಡು ಹೊರಟ ದಿಕ್ಕು ಗೊತ್ತಾದ ಮೇಲೆ ಹೊಡೆಯುವವನನ್ನು ನೋಡ್ತಾನೆ. ಲಿಫ್ಟರ್ ಚೆಂಡು ಮುಟ್ಟುವ ಕ್ಷಣಕ್ಕೆ ಅವನ ಎರಡೂ ಕಾಲು ನೆಲದ ಮೇಲೆ, ಕೈ ಭುಜಕ್ಕಿಂತ ಮೇಲೆ ಇರಬೇಕು. ಆಗಲೇ ಹಾರಿಬಿಟ್ಟಿದ್ದರೆ ಊಹೆಯ ಮೇಲೆ ಆಡ್ತಿದ್ದಾನೆ. ಊಹೆ ಹತ್ತರಲ್ಲಿ ಮೂರು ಸಲ ಸರಿಯಾದರೂ ಸಾಕು, ಆ ಮೂರು ಬ್ಲಾಕನ್ನೇ ಎಲ್ಲರೂ ನೆನಪಿಡ್ತಾರೆ.

ಸ್ಮ್ಯಾಷಿನ ಲೆಕ್ಕ ಸುಲಭ: ಗಳಿಸಿದ ಪಾಯಿಂಟಿನಿಂದ ಕಳೆದುಕೊಂಡದ್ದನ್ನು ಕಳೆದು, ಒಟ್ಟು ಹೊಡೆತದಿಂದ ಭಾಗಿಸಿ. 12 ಹೊಡೆತದಲ್ಲಿ 7 ಪಾಯಿಂಟ್, ಒಂದು ಔಟ್, ಒಂದು ಬ್ಲಾಕಿಗೆ ಸಿಕ್ಕಿತು ಅಂದರೆ 5 ಭಾಗಿಸು 12, ಅಂದರೆ 0.42. ಆದರೆ ಮಧ್ಯದವನಿಗೆ ವೇಗದ ಬಾಲ್ ಸಿಗುವುದು ಫಸ್ಟ್ ಬಾಲ್ ನೆಟ್ಟಿನ ಹತ್ತಿರ ಬಂದರೆ ಮಾತ್ರ. ರಿಸೀವ್ ಮಾಡಿದ ಚೆಂಡು ನೆಟ್ಟಿನಿಂದ ಮೂರು ಮೀಟರ್ ದೂರದ ಗೆರೆಯ ಹಿಂದೆಯೇ ಬಿದ್ದರೆ ಅವನಿಗೆ ಆಟವೇ ಇಲ್ಲ. ಹಾಗಾಗಿ ಫಸ್ಟ್ ಬಾಲ್ ಒಳ್ಳೆಯದಿದ್ದ ರ‍್ಯಾಲಿಗಳನ್ನು ಬೇರೆ ಬರೆಯಿರಿ. ಇಲ್ಲದಿದ್ದರೆ ಲಿಬೆರೋ (ಹಿಂದಿನ ಸಾಲಲ್ಲಿ ಚೆಂಡು ತಡೆಯಲಿಕ್ಕೆಂದೇ ಇರುವವನು) ಮಾಡಿದ ತಪ್ಪಿನ ಶಿಕ್ಷೆ ಇವನ ಅಂಕಕ್ಕೆ ಬೀಳ್ತದೆ.

188 ಸಾಕಾ ಅಂದರೆ ಕಾಲೇಜಿಗೆ ಸಾಕು, ವಿಶ್ವವಿದ್ಯಾಲಯಕ್ಕೆ ಕಷ್ಟಪಟ್ಟರೆ ಸಾಕು. ಅದರ ಮೇಲಕ್ಕೆ ಅದೇ ಜಾಗದಲ್ಲಿ ಹೋಗುವುದು ಕಷ್ಟ. ನಮ್ಮ ದಕ್ಷಿಣ ಕನ್ನಡದ ಅಶ್ವಲ್ ರೈ 2022ರ ಮೊದಲ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತಾ ಥಂಡರ್‌ಬೋಲ್ಟ್ಸ್‌ನ ನಾಯಕ, ಅವರೂ ಮಧ್ಯದ ಬ್ಲಾಕರೇ. ಅವರು ಟಿವಿಯಲ್ಲಿ ಕಂಡಾಗ ಕೈ ನೆಟ್ಟಿನ ಮೇಲೆ ಎಲ್ಲಿಯವರೆಗೆ ಹೋಗ್ತದೆ ನೋಡಿ, ಆಮೇಲೆ ಈ ಹುಡುಗನದ್ದು ನೋಡಿ.

ವಾಸ್ಕೊ ಮೇಲ್ಗಂಬಿ (ಗೋವಾ):

ನೆಟ್ ಮತ್ತ ಮೇಲ್ಗಂಬಿ ಒಂದ ಎತ್ತರ ಅಂತ ಹೇಳಿ ಎರಡೂ ಜಿಗಿತ ಒಂದ ತಕ್ಕಡ್ಯಾಗ ತೂಗಬ್ಯಾಡ್ರಿ. ಬ್ಲಾಕರ್ ಎರಡೂ ಕಾಲ ಊರಿ ನೆಟ್ಟಗ ಮ್ಯಾಲೆ ಹೋಗ್ತಾನ. ಅವನ ಮೈಗೆ ಯಾರೂ ತಾಗಂಗಿಲ್ಲ, ನಡುವ ನೆಟ್ ಇರ್ತದ. ಕೀಪರ್ ಕ್ರಾಸಿಗೆ, ಅಂದ್ರ ಮಗ್ಗಲಿಂದ ಗೋಲಿನ ಮುಂದ ಒದ್ದ ಚೆಂಡಿಗೆ, ಬರಬೇಕಾದ್ರ ಓಡಿಬಂದು ಒಂದ ಕಾಲ ಮ್ಯಾಲೆ ಜಿಗೀಬೇಕು, ಇನ್ನೊಂದು ಮೊಣಕಾಲ ಮುಂದ ಎತ್ತಿರಬೇಕು. ಮಗ್ಗಲಾಗ ಇಬ್ಬರು ಡಿಫೆಂಡರ್, ಒಬ್ಬ ಸ್ಟ್ರೈಕರ್ ಇರ್ತಾರ. ವಾಲಿಬಾಲ್ ಆಡಿ ರೂಢಿ ಇದ್ದ ಹುಡುಗ್ರು ಗದ್ದಲದಾಗೂ ಎರಡೂ ಕಾಲ ಊರಿ ಜಿಗಿಯಾಕ ನೋಡ್ತಾರ. ನಿಂತು ಜಿಗಿದ್ರ ಅರ್ಧ ಹೆಜ್ಜಿ ತಡ, ಒಂದು ಭುಜ ತಾಗಿದ್ರ ಚೆಂಡು ಕೈ ಬಿಟ್ಟು ಹೋತು.

ಚೆಂಡೂ ಬ್ಯಾರೆ. ವಾಲಿಬಾಲ್ 260ರಿಂದ 280 ಗ್ರಾಂ, ಫುಟ್‌ಬಾಲ್ 410ರಿಂದ 450 ಗ್ರಾಂ. ಬ್ಲಾಕಿನ್ಯಾಗ ಬೆರಳ ಬಿರುಸಾಗಿ ಅಗಲಿಸಿ ಇಟ್ಟಿರತಾರ. ಅದ ಕೈಯಿಂದ ಹೊಡೆತ ಹಿಡೀತೀನಿ ಅಂದ್ರ ಚೆಂಡು ಎದಿ ಮುಂದ ಪುಟದು ಸ್ಟ್ರೈಕರ್ ಕಾಲಿಗೇ ಹೋಗ್ತದ. ಎರಡೂ ಹೆಬ್ಬೆರಳ ಹತ್ತಿರ ತಂದು, ಮೊಣಕೈ ಸ್ವಲ್ಪ ಮಡಿಚಿ, ಚೆಂಡಿನ ಜೋರು ಒಳಗ ಎಳಕೊಳ್ಳಬೇಕು. ಹಿಡಿಯಾಕ ಆಗದಿದ್ರ ಮಗ್ಗಲಕ್ಕ ತಳ್ಳಬೇಕು, ಮುಂದ ಅಲ್ಲ. ಮಳಿಗಾಲದಾಗ ನಮ್ಮ ಗೋವಾದಾಗ ನೋಡಿದ್ರ ಇದು ಜಲ್ದಿ ತಿಳೀತದ. ಹಸಿ ಚೆಂಡು ಕೃತಕ ಹುಲ್ಲಿನ ಮ್ಯಾಲೆ ಪುಟಿಯೂದಿಲ್ಲ, ಜಾರಿ ಬರ್ತದ. ಕೆಂಪು ಮಣ್ಣಿನ ಮೈದಾನದಾಗ ಹೆಂಗ ತಿರಗ್ತದ ಹೇಳಾಕ ಆಗಂಗಿಲ್ಲ. ಕೈ ಹಿಂದ ಮೈ ಇಟ್ಟಾನೋ ಇಲ್ಲೋ, ಅದನ್ನ ನೋಡ್ರಿ.

ಎಷ್ಟು ಗೋಲು ಉಳಿಸಿದ ಅಂತ ಎಣಿಸೂದು ಬಿಡ್ರಿ. ಜಾಗಾ ತಪ್ಪಿ ನಿಂತವ ಮೈ ಚೆಲ್ಲಿ ಹಾರಿ ಉಳಿಸ್ತಾನ, ಮಂದಿ ಕುಣೀತಾರ. ಸರಿ ಜಾಗಾಕ್ಕ ನಿಂತವನ ಎದಿಗೇ ಚೆಂಡು ಬರ್ತದ, ಯಾರೂ ಕೈ ತಟ್ಟಂಗಿಲ್ಲ. ಗೋಲು 7.32 ಮೀಟರ್ ಅಗಲ. ಗೆರಿ ಮ್ಯಾಲೇ ನಿಂತ್ರ ಅಷ್ಟೂ ಕಾಯಬೇಕು, ಚೆಂಡು ಇದ್ದವನ ಕಡೆ ಎರಡು ಹೆಜ್ಜಿ ಬಂದ್ರ ಅವಗ ಕಾಣೂ ಬಾಗಿಲಾ ಸಣ್ಣದಾಗ್ತದ. ಆದ್ರ ಬರೂ ಹೊತ್ತಿನ್ಯಾಗ ಅವ ಒದ್ದುಬಿಟ್ರ ಕೀಪರ್ ಕೆಟ್ಟ. ಕಾಲ ಚೆಂಡಿಗೆ ತಾಗೂ ಗಳಿಗಿಗೆ ಕೀಪರ್ ಎರಡೂ ಕಾಲ ಊರಿ ಸುಮ್ನ ನಿಂತಿರಬೇಕು. ಕುರ್ಲಾದ ಅಣ್ಣಾರು ಲಿಫ್ಟರ್ ಬಗ್ಗೆ ಏನ್ ಹೇಳಿದ್ರು, ಅದ ಮಾತು ಇಲ್ಲೂ ಲಾಗೂ ಆಗ್ತದ.

ಗೋಲಿನ ಹಿಂದ ಫೋನ್ ಇಟ್ಟು ನಿಧಾನ ವಿಡಿಯೋ ತಗೀರಿ. ಪ್ರತಿ ಶಾಟಿಗೂ ಕಾಲ ಚೆಂಡಿಗೆ ತಾಗಿದ ಚಿತ್ರಕ್ಕ ನಿಲ್ಲಿಸ್ರಿ. ಕೀಪರ್ ಕಾಲ ನೆಲದ ಮ್ಯಾಲೆ ಐತೋ, ಗಾಳ್ಯಾಗ ಐತೋ ಬರಕೊಳ್ರಿ. ಗೋಲಿನ ಮುಂದ 5.5 ಮೀಟರ್ ತನಕ ಇರೂ ಸಣ್ಣ ಚೌಕಕ್ಕ ಬಂದ ಕ್ರಾಸ್ ಎಷ್ಟು, ಅವ ಹೊರಗ ಬಂದದ್ದೆಷ್ಟು, ಹಿಡಿದದ್ದೆಷ್ಟು, ಗುದ್ದಿದ್ದೆಷ್ಟು, ಅದೂ ಬರೀರಿ. ಹಿಡಿಯೂ ಚೆಂಡನ್ನೂ ಗುದ್ದತಾನ ಅಂದ್ರ ವಾಲಿಬಾಲಿನ ಕೈ ಇನ್ನೂ ಹೋಗಿಲ್ಲ. ಮತ್ತ 2025ರ ಜುಲೈದಿಂದ ಕೀಪರ್ ಕೈಯಾಗ ಚೆಂಡು 8 ಸೆಕೆಂಡ್ ದಾಟಿದ್ರ ಎದುರಿನವರಿಗೆ ಕಾರ್ನರ್. ಚೆಂಡು ಹಿಡಿದ ಮ್ಯಾಲೆ ಕಣ್ಣು ಮ್ಯಾಲೆತ್ತಾಕ ಅವಗ ಎಷ್ಟು ಹೊತ್ತು ಹಿಡೀತದ? ನನ್ನ ಮಟ್ಟಿಗೆ ಅಲ್ಲೇ ಅರ್ಧ ಪ್ರತಿಭಾ ಕಾಣ್ತದ.

ಗೋಲು ಉಳಿಸೂದು ಅದೃಷ್ಟ ಅಂದವರಿಗೆ ಒಂದ ಮಾತು. ನಮ್ಮ ಗೋವಾದ ಬ್ರಹ್ಮಾನಂದ ಸಂಖ್ವಾಳಕರ್ ಭಾರತ ತಂಡದ ಕೀಪರ್ ಆಗಿದ್ರು, ನಾಯಕನೂ ಆಗಿದ್ರು, 2022ರಾಗ ಪದ್ಮಶ್ರೀ ಬಂತು. ಅದೃಷ್ಟಕ್ಕ ಯಾರೂ ಅಷ್ಟು ವರ್ಷ ಗೋಲು ಕಾಯಂಗಿಲ್ರಿ.

ಕೊಥ್ರೂಡ್ ಫಿಸಿಯೋ (ಪುಣೆ):

ಇಬ್ಬರೂ ಕೌಶಲದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ, ಮಂಡಿಯ ಬಗ್ಗೆ ಯಾರೂ ಬರೆದಿಲ್ಲ. ಎರಡೂ ಆಟ ಆಡುವ ಹುಡುಗನ ವಿಷಯದಲ್ಲಿ ಮೊದಲು ಕೇಳಬೇಕಾದದ್ದೇ ಅದು.

ಮಧ್ಯದ ಬ್ಲಾಕರ್ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹಾರುವವನು. ಬ್ಲಾಕಿಗೆ ಹಾರುತ್ತಾನೆ, ಚೆಂಡು ಬರಲಿ ಬಿಡಲಿ ಸ್ಮ್ಯಾಷಿಗೆಂದು ಹಾರುತ್ತಾನೆ. ಗಟ್ಟಿ ಮಣ್ಣಿನ ಅಥವಾ ಸಿಮೆಂಟಿನ ಕೋರ್ಟ್ ಆದರೆ ಪ್ರತಿಸಲವೂ ಇಳಿಯುವ ಭಾರ ಮಂಡಿಚಿಪ್ಪಿನ ಕೆಳಗಿನ ಸ್ನಾಯುಬಂಧದ ಮೇಲೆ ಬೀಳುತ್ತದೆ. ಚಿಪ್ಪಿನ ಕೆಳತುದಿಯಲ್ಲಿ ಒಂದೇ ಬೆರಳಿನಿಂದ ತೋರಿಸಬಹುದಾದ ನೋವು, ಮೈ ಬಿಸಿಯಾದಾಗ ಕಡಿಮೆಯಾಗಿ ಮಾರನೇ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಬಂದರೆ ಅದೇ ಆ ತೊಂದರೆಯ ಶುರು. ಆ ನೋವಿನಲ್ಲೇ ಕ್ರಾಸಿಗೆ ಒಂದೇ ಕಾಲಿನ ಮೇಲೆ ಹಾರುವುದು ಉರಿಗೆ ತುಪ್ಪ ಸುರಿದ ಹಾಗೆ. ಪೂರ್ತಿ ವಿಶ್ರಾಂತಿಯೂ ಮದ್ದಲ್ಲ, ಸ್ನಾಯುಬಂಧಕ್ಕೆ ಹದವಾದ ಭಾರ ಬೇಕು. ಕುರ್ಚಿಯ ಹಾಗೆ ಗೋಡೆಗೆ ಬೆನ್ನು ಕೊಟ್ಟು ಅಲುಗಾಡದೆ 45 ಸೆಕೆಂಡ್ ಕೂರುವುದು, ನಡುವೆ ಎರಡು ನಿಮಿಷ ಬಿಟ್ಟು ಐದು ಸಲ. ಹಾರುವ ಅಭ್ಯಾಸಗಳ ನಡುವೆ ಎರಡು ದಿನದ ಅಂತರ ಇರಲಿ. ನೋವು ವಾರ ದಾಟಿದರೆ ಕ್ರೀಡಾ ವೈದ್ಯರಿಗೆ ತೋರಿಸಲೇಬೇಕು.

ಎರಡನೆಯದು ಬೆರಳು. ಬ್ಲಾಕಿನಲ್ಲಿ ಉಳುಕಿದ ಬೆರಳನ್ನು ಗ್ಲೌಸಿನೊಳಗೆ ಮುಚ್ಚಿಟ್ಟು ಮರುದಿನ ಗೋಲು ಕಾಯುವ ಹುಡುಗರು ತುಂಬ. ಪಕ್ಕದ ಬೆರಳಿಗೆ ಜೋಡಿಸಿ ಟೇಪ್ ಸುತ್ತಿ, ಗಂಟಿನ ಮೇಲೆ ಸುತ್ತದೆ ಅದರ ಮೇಲೂ ಕೆಳಗೂ ಸುತ್ತಿ. ಬೆರಳು ಪೂರ್ತಿ ನೆಟ್ಟಗಾಗದಿದ್ದರೆ ಟೇಪ್ ಸಾಲದು, ಎಕ್ಸ್‌ರೇ ಬೇಕು.

ಹಾಗಾಗಿ ಕುರ್ಲಾದವರ ಎಣಿಕೆಯನ್ನು ಒಂದು ಸೆಟ್ಟಿಗೆ ನಿಲ್ಲಿಸಬೇಡಿ. ಮೊದಲ ಸೆಟ್ಟಿನ ಬ್ಲಾಕಿನ ಎತ್ತರ ಎಷ್ಟು, ನಾಲ್ಕನೆಯದರಲ್ಲಿ ಎಷ್ಟು? ಐದು ಸೆಂಟಿಮೀಟರಿಗಿಂತ ಹೆಚ್ಚು ಇಳಿದಿದ್ದರೆ ಅವನು ದಣಿದಿದ್ದಾನೆ, ಇಲ್ಲವೇ ನೋವು ಮುಚ್ಚಿಡುತ್ತಿದ್ದಾನೆ. ಆ ದಿನದ ಆಟ ನೋಡಿ ಪ್ರತಿಭೆ ಅಳೆದರೆ ಹುಡುಗನಿಗೆ ಅನ್ಯಾಯ.

ಡೊಂಬಿವಲಿ ಗ್ಯಾಲರಿ:

ಮೂವರಿಗೂ ಧನ್ಯವಾದ. ಕುರ್ಲಾದ ಅಣ್ಣನಿಗೆ ಒಂದು ಪ್ರಶ್ನೆ. ಹಿಂದಿನ ಸಾಲಿಗೆ ಬಂದಾಗ ಈ ಹುಡುಗ ಹೊರಗೆ ಹೋಗ್ತಾನೆ, ಲಿಬೆರೋ ಬರ್ತಾನೆ. ಹಾಗಾದರೆ ಅವನನ್ನು ಅರ್ಧ ಆಟದಲ್ಲೇ ಅಳೆದ ಹಾಗಾಯ್ತಲ್ಲ?

ಮೂರು ಮೀಟರ್ ಗೆರೆ (ಕುರ್ಲಾ):

ಸರಿಯಾದ ಪ್ರಶ್ನೆ. ಮುಂದಿನ ಸಾಲಿನ ಮೂರು ರೊಟೇಶನ್ (ಜಾಗ ಬದಲಿಸುವ ಸರದಿ), ಅದರ ಮೇಲೆ ತನ್ನ ಸರ್ವಿಸ್ ಕೈ ತಪ್ಪುವವರೆಗೆ, ಅಷ್ಟೇ ಅವನ ಆಟ. ಅದಕ್ಕೇ ಅವನ ಸರ್ವಿಸ್ ಬಿಡದೆ ಬರೆಯಿರಿ. ಲೀಗಿನ ಹಾಗೆ 15 ಪಾಯಿಂಟಿನ ಸೆಟ್ ಆದರೆ ಎರಡು ಸರ್ವಿಸ್ ನೆಟ್ಟಿಗೆ ಹೊಡೆದವನು ಎರಡು ಬ್ಲಾಕಿನ ಲಾಭ ತಿಂದು ಹಾಕಿದ ಲೆಕ್ಕ.

ವಾಸ್ಕೊದವರು ಬರೆದದ್ದು ಓದಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಚೆಂಡು ಹಿಡಿದ ಕೂಡಲೇ ತಲೆ ಎತ್ತಿ, ಎಲ್ಲಿ ಜನ ಕಡಿಮೆ ಉಂಟು ನೋಡಿ ಅಲ್ಲಿಗೆ ಎಸೆಯುವ ಕೀಪರ್ ಆಗಿದ್ದರೆ, ಅವನು ಮಾಡ್ತಿರುವುದು ಲಿಫ್ಟರ್‌ನ ಕೆಲಸ. ಎದುರಾಳಿಯ ಬ್ಲಾಕ್ ಎಲ್ಲಿ ತೆಳು ಉಂಟೋ ಅಲ್ಲಿಗೆ ಬಾಲ್ ಕೊಡುವುದು. ಮಧ್ಯದ ಬ್ಲಾಕರ್‌ಗೆ 188 ಕಮ್ಮಿ ಅನಿಸಬಹುದು, ಲಿಫ್ಟರ್‌ಗೆ ಅದು ಭಾಗ್ಯ. ಕೈಯ ಪರೀಕ್ಷೆ ಮಾಡಿ: ನೆಟ್ಟಿನಿಂದ ಮೂರು ಮೀಟರ್ ಹಿಂದೆ ನಿಲ್ಲಿಸಿ 20 ಬಾಲ್ ಎತ್ತಿಸಿ. ಚೆಂಡು ಆಂಟೆನಾದ (ನೆಟ್ಟಿನ ಬದಿಯ ಗುರುತಿನ ಕೋಲು) ಒಂದು ಮೀಟರ್ ಒಳಗೆ, ನೆಟ್ಟಿನಿಂದ ಅರ್ಧದಿಂದ ಒಂದು ಮೀಟರ್ ದೂರ ಇಳಿಯಬೇಕು. ಚೆಂಡು ಗಿರಗಿರ ತಿರುಗಿಕೊಂಡು ಹೋದರೆ ಎರಡು ಕೈ ಸಮ ತಾಗಿಲ್ಲ ಅಂತ. ಮೊದಲ ದಿನವೇ ಹತ್ತು ಸರಿ ಬಿದ್ದರೆ ಕೋಚ್ ಹತ್ತಿರ ಮಾತಾಡಲಿಕ್ಕೆ ಅಷ್ಟು ಸಾಕು.

ವಾಸ್ಕೊ ಮೇಲ್ಗಂಬಿ (ಗೋವಾ):

ಲಿಫ್ಟರ್ ಮಾಡಿ ನಮ್ಮ ಕೀಪರ್‌ನ ಕಸಗೊಳ್ಳಾಕ ಹೊಂಟೀರಲ್ಲ ಅಣ್ಣಾ! ಆದ್ರ ಮಾತು ಖರೆ ಐತಿ, ಒಪ್ಪಬೇಕು. 188 ಕೀಪರ್‌ಗೂ ಛಲೋ ಎತ್ತರ, ಮ್ಯಾಲಿನ ಮಟ್ಟಕ್ಕೂ ನಡೀತದ. ಆ 20 ಬಾಲಿನ ಜೋಡಿ ನಂದೂ ಒಂದು ಪರೀಕ್ಷಾ ಹಚ್ರಿ: ಎಡಗಾಲಲೆ ಹತ್ತು, ಬಲಗಾಲಲೆ ಹತ್ತು ಪಾಸ್, 30 ಮೀಟರ್ ದೂರ ನಿಂತ ವಿಂಗರ್‌ಗೆ. ಅವ ಎರಡು ಹೆಜ್ಜಿ ಒಳಗ ಚೆಂಡು ತಡೀಬೇಕು. ಯಾವುದರಾಗ ಹೆಚ್ಚು ಸರಿ ಬೀಳ್ತಾವ ನೋಡೋಣ.

ಡೊಂಬಿವಲಿ ಗ್ಯಾಲರಿ:

ಆಗಲಿ. ಮುಂದಿನ ವಾರ ಅವನಿಗೆ ಮೊದಲು ಫುಟ್‌ಬಾಲ್, ಒಂದು ದಿನ ಬಿಟ್ಟು ವಾಲಿಬಾಲ್. ಗೋಲಿನ ಹಿಂದೆ ಒಂದು ಫೋನ್, ಕೋರ್ಟಿನ ಹಿಂದಿನ ಗೆರೆಯಾಚೆ ಒಂದು ಫೋನ್ ಇಡುವ ವ್ಯವಸ್ಥೆ ಮಾಡ್ತೇವೆ. ಎರಡು ಪಂದ್ಯದ ನಡುವೆ ಎರಡು ದಿನ ಇಲ್ಲದ್ದರಿಂದ ಮಂಡಿಯ ವಿಷಯ ಮೊದಲು ಅವನ ಕೋಚಿಗೆ ತಿಳಿಸ್ತೇವೆ. ಬರೆದ ಹಾಳೆಗಳನ್ನು ಇಲ್ಲೇ ಹಾಕ್ತೇನೆ, ಕಾಲೇಜಿನ ಹೆಸರು ಮುಚ್ಚಿ.