ಹೊಲ ಬಿಟ್ಟು ಬಂದವನಿಗೆ ಬೇಸಾಯದ ಆಟ ಯಾಕೆ ಇಷ್ಟು ಹಿಡಿಸುತ್ತದೆ?

ಚಿಂತಾಮಣಿ ಹುಡುಗ:

ನಮ್ಮದು ಚಿಂತಾಮಣಿ ಕಡೆ ಹಳ್ಳಿ. ಅಪ್ಪ ಇಪ್ಪತ್ತು ವರ್ಷ ಟೊಮ್ಯಾಟೊ ಬೆಳೆದರು. ಈಗ ಜಮೀನು ಗುತ್ತಿಗೆಗೆ ಕೊಟ್ಟಿದ್ದೇವೆ, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಚಿಕ್ಕವನಿದ್ದಾಗ ಹೊಲದ ಕೆಲಸ ಅಂದರೆ ತಪ್ಪಿಸಿಕೊಂಡು ಓಡುತ್ತಿದ್ದೆ. ಈಗ ಎರಡು ತಿಂಗಳಿಂದ ಪ್ರತಿ ರಾತ್ರಿ ಊಟ ಆದ ಮೇಲೆ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟ ತೆರೆದು ಕೂರುತ್ತೇನೆ.

ಶುರುವಿನಲ್ಲಿ ಊರಿನ ಮೇಯರ್ ಕಡೆಯಿಂದ 15 ಪಾರ್ಸ್ನಿಪ್ (ಕ್ಯಾರೆಟ್‌ನಂಥ ಗೆಡ್ಡೆ) ಬೀಜ ಸಿಗುತ್ತದೆ. ಕಳೆ ಕಿತ್ತು, ಕಲ್ಲು ಒಡೆದು, ನೆಲ ಅಗೆದು ಬಿತ್ತಿದೆ, ಒಂದೊಂದಕ್ಕೂ ಕ್ಯಾನ್ ಹಿಡಿದು ನೀರು ಹಾಕಿದೆ. ಆಟದ ನಾಲ್ಕು ದಿನ ಕಳೆದು ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಬಂದರೆ ಎಲ್ಲಾ ಬಲಿತು ನಿಂತಿವೆ. ಮೊದಲನೆಯದನ್ನು ಕಿತ್ತಾಗ ನಿಜವಾಗಿಯೂ ಗಂಟಲು ಕಟ್ಟಿತು. ಪರದೆಯ ಮೇಲಿನ ಒಂದು ಗೆಡ್ಡೆಗೆ ಹೀಗಾಗುವುದು ಯಾಕೆ? ರೈತರ ಮನೆಯಿಂದ ಬಂದ ಬೇರೆಯವರಿಗೂ ಹೀಗೆ ಆಗಿದೆಯಾ?

ಕೋಲಾರದವಳು:

ಆಗಿದೆ. ನನ್ನ ಮಟ್ಟಿಗೆ ಉತ್ತರ ಆಟದ ಆ ಮನೆ ಪಕ್ಕದ ಮರದ ಪೆಟ್ಟಿಗೆಯಲ್ಲಿದೆ. ಬೆಳೆದಿದ್ದನ್ನು ಅದರೊಳಗೆ ಹಾಕಿ ಮಲಗಿದರೆ ಬೆಳಿಗ್ಗೆ ಅಷ್ಟೂ ದುಡ್ಡು ಕೈಗೆ ಬರುತ್ತದೆ. ಸಾಧಾರಣ ಪಾರ್ಸ್ನಿಪ್ ಒಂದಕ್ಕೆ ಆಟದ ದುಡ್ಡಲ್ಲಿ 35, ಇವತ್ತೂ ಅಷ್ಟೇ, ಮುಂದಿನ ವರ್ಷವೂ ಅಷ್ಟೇ, ನೀವು ಸಾವಿರ ತಂದು ಸುರಿದರೂ ಬೆಲೆ ಬೀಳುವುದಿಲ್ಲ. ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ.

ನಮ್ಮ ಮನೆಯಲ್ಲಿ ಒಂದು ವರ್ಷ 15 ಕೆಜಿ ಕ್ರೇಟ್‌ಗಳನ್ನು ಟೆಂಪೋಗೆ ತುಂಬಿಸಿ ಮಂಡಿಗೆ ಹೋದ ಅಪ್ಪ, ಬಾಡಿಗೆ ಕಳೆದು ಕೈಯಲ್ಲಿ ಉಳಿದ ನೋಟುಗಳನ್ನು ಅಮ್ಮನ ಮುಂದೆ ಇಟ್ಟು ಮಾತಾಡದೆ ಹೋಗಿ ಮಲಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳೆ ಚೆನ್ನಾಗಿಯೇ ಬಂದಿತ್ತು, ಅದೇ ಸಂಕಟ. ಎಲ್ಲರಿಗೂ ಚೆನ್ನಾಗಿ ಬಂದಿತ್ತು. ಆಟದಲ್ಲಿ ದುಡಿಮೆ ಅಷ್ಟೂ ಇದೆ, ಈ ಒಂದು ಭಯ ಮಾತ್ರ ಇಲ್ಲ. ಗಿಡ ಚೆನ್ನಾಗಿ ಬಂದರೆ ಸುಮ್ನೆ ಖುಷಿಪಡಬಹುದು. ನಮ್ಮಪ್ಪನಿಗೆ ಅದು ಎಷ್ಟು ಸಲ ಸಿಕ್ಕಿತೋ.

ತೀರ್ಥಹಳ್ಳಿ ತೋಟ:

ನಾನು ಈಗಲೂ ಅಡಿಕೆ ತೋಟ ನೋಡಿಕೊಂಡಿದ್ದೇನೆ, ಸಂಜೆ ಮೇಲೆ ಇದೇ ಆಟ ಆಡುತ್ತೇನೆ. ಅದಕ್ಕೇ ಈ ಆಟ ಹಿಡಿಸುವುದು ಊರು ಬಿಟ್ಟ ಕೊರಗಿನಿಂದ ಅಂದರೆ ಪೂರ್ತಿ ಒಪ್ಪುವುದಿಲ್ಲ. ನನಗೆ ಹಿಡಿಸಿದ್ದು ಕಾಲದ ಅಳತೆ. ಆಟದಲ್ಲಿ ಒಂದು ಋತುವಿಗೆ 28 ದಿನ, ನಾಲ್ಕು ಋತು ಮುಗಿದರೆ ವರ್ಷ. ಇಲ್ಲಿ ಅಡಿಕೆ ಸಸಿ ನೆಟ್ಟರೆ ಫಸಲು ನೋಡಲು ಐದಾರು ವರ್ಷ ಕಾಯಬೇಕು. ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡ ಸಿಗಬೇಕು, ಅವನು ಸಿಕ್ಕ ದಿನ ಮಳೆ ಬಿಡಬೇಕು. ಬಿಡದಿದ್ದರೆ ಕೊಳೆ ರೋಗ ಬಂದು ಎಳೆ ಕಾಯಿ ಉದುರುತ್ತದೆ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಗೊತ್ತಾಗುವಷ್ಟರಲ್ಲಿ ಆ ವರ್ಷವೇ ಹೋಗಿರುತ್ತದೆ.

ಆಟದಲ್ಲಿ ಹಾಗಲ್ಲ. ಬೆಳಿಗ್ಗೆ ಟಿವಿ ಹಾಕಿದರೆ ನಾಳೆಯ ಹವಾಮಾನ ಹೇಳುತ್ತದೆ, ಹೇಳಿದ ಹಾಗೇ ಮಳೆ ಬರುತ್ತದೆ! ನಾಳೆ ಮಳೆ ಅಂತ ಗೊತ್ತಾದ ದಿನ ಗಿಡಗಳಿಗೆ ನೀರು ಹಾಕಿ ಮುಗಿಸಿ, ಕ್ಯಾನನ್ನು ತಾಮ್ರದ್ದು ಮಾಡಿಸಲು ಆಟದ ಕಮ್ಮಾರನಿಗೆ ಕೊಡಿ. ಅವನಿಗೆ ಎರಡು ದಿನ ಬೇಕು. ಮಳೆ ದಿನ ನೀರು ಹಾಕುವ ಕೆಲಸವೇ ಇಲ್ಲ, ಅದರ ಮರುದಿನ ಹೋಗಿ ತಾಮ್ರದ ಕ್ಯಾನ್ ತಂದರಾಯಿತು. ಇದು ಹೊಳೆದ ದಿನ ಮನೆಯವಳನ್ನು ಕರೆದು ತೋರಿಸಿದ್ದೆ. ಮಳೆ ನೋಡಿಕೊಂಡು ಕೆಲಸ ಹೊಂದಿಸುವುದು ನಮ್ಮ ದಿನದ ಲೆಕ್ಕಾಚಾರವೇ ಅಲ್ವಾ, ಅಲ್ಲಿ ಅದು ಪ್ರತಿ ಸಲ ಫಲ ಕೊಡುತ್ತದೆ.

ಹಳೇ ಆಟಗಾರ:

ಪ್ರಶ್ನೆ ಕೇಳಿದವರಿಗೆ ಒಂದು ವಿಷಯ ಹೇಳಬೇಕು. ಈ ಬಗೆಯ ಆಟಕ್ಕೆ ದಾರಿ ಹಾಕಿದವರೂ ನಿಮ್ಮ ಹಾಗೆ ಊರು ಬಿಟ್ಟವರೇ. ಜಪಾನಿನ ಯಾಸುಹಿರೊ ವಾಡಾ ಹಳ್ಳಿಗಾಡಿನಲ್ಲಿ ಬೆಳೆದು ಟೋಕಿಯೊಗೆ ಬಂದವರು. ಬಿಟ್ಟು ಬಂದ ಆ ಬದುಕಿನ ನೆನಪಿನಿಂದ ಹುಟ್ಟಿದ್ದೇ 1996ರ ಹಾರ್ವೆಸ್ಟ್ ಮೂನ್ ಆಟ. ಅದನ್ನು ಆಡಿ ಬೆಳೆದ ಎರಿಕ್ ಬರೋನ್ ಅಮೆರಿಕದಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ಒಬ್ಬರೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲಾ ಮಾಡಿ 2016ರ ಫೆಬ್ರವರಿಯಲ್ಲಿ ಸ್ಟಾರ್‌ಡ್ಯೂ ಬಿಟ್ಟರು. ಅದರ ಕಥೆಯೂ ಆಫೀಸ್ ಕೆಲಸ ಬಿಟ್ಟು ಅಜ್ಜನ ಜಮೀನಿಗೆ ಬರುವವರದ್ದೇ.

ಎಲ್ಲಾ ಬೇಸಾಯದ ಆಟವೂ ಹೀಗಿರುವುದಿಲ್ಲ. 2009ರಲ್ಲಿ ಬಂದ ಫಾರ್ಮ್‌ವಿಲ್ ನೆನಪಿದೆಯಾ? ಅಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಗೆ ಬರುತ್ತಿತ್ತು, ನಾವು ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಒಣಗುತ್ತಿತ್ತು. ಕಾಲೇಜಿನಲ್ಲಿದ್ದಾಗ ಕ್ಲಾಸ್ ನಡುವೆ ಎದ್ದು ಸೈಬರ್ ಸೆಂಟರ್‌ಗೆ ಓಡಿದ್ದೇನೆ. ಆಟ ನಮ್ಮನ್ನು ದುಡಿಸುತ್ತಿತ್ತು. ಸ್ಟಾರ್‌ಡ್ಯೂನಲ್ಲಿ ಆಟ ಮುಚ್ಚಿದರೆ ಅಲ್ಲಿನ ಗಡಿಯಾರವೂ ನಿಲ್ಲುತ್ತದೆ. ತಿಂಗಳು ಬಿಟ್ಟು ಬಂದರೂ ಗಿಡ ಬಿಟ್ಟ ಹಾಗೇ ಇರುತ್ತದೆ. ನನಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಚಿಂತಾಮಣಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಕೋಲಾರದ ಅಕ್ಕ ಹೇಳಿದ್ದನ್ನು ಎರಡು ಸಲ ಓದಿದೆ. ನಮ್ಮಪ್ಪ ರಾತ್ರಿ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುತ್ತಿದ್ದರು, ನಾನು ಮುಸುಕು ಎಳೆದುಕೊಂಡು ಮಲಗಿರುತ್ತಿದ್ದೆ. ಅದು ನೆನಪಾಯಿತು.

ಭಾನುವಾರ ಊರಿಗೆ ಹೋದಾಗ ಅವರಿಗೆ ಆಟ ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ನೋಡಿದರು. ಆಮೇಲೆ, "ಗಿಡ ಇಷ್ಟು ಒತ್ತಾಗಿ ಹಾಕಿದ್ದೀಯಲ್ಲೋ, ಗಾಳಿ ಎಲ್ಲಿ ಆಡಬೇಕು?" ಅಂದರು. ಈ ಆಟದಲ್ಲಿ ಪರವಾಗಿಲ್ಲ ಅಂದೆ. ಒಪ್ಪಲಿಲ್ಲ. ಅವರ ಮೊಬೈಲ್‌ಗೇ ಹಾಕಿಕೊಡೋಣ ಅಂತಿದ್ದೇನೆ, ಬೆರಳಲ್ಲಿ ಆಡುವುದು ಅವರಿಗೆ ಕಷ್ಟ ಆಗುತ್ತದಾ?

ಹಳೇ ಆಟಗಾರ:

ಇಲ್ಲ. ಮೊಬೈಲ್‌ನಲ್ಲಿ ಗಿಡ ಮುಟ್ಟಿದರೆ ಸಾಕು, ಆಟದೊಳಗಿನ ರೈತನೇ ನಡೆದುಕೊಂಡು ಹೋಗಿ ನೀರು ಹಾಕುತ್ತಾನೆ. ಅಕ್ಷರ ಸಣ್ಣದು, ಮೊದಲ ಎರಡು ದಿನ ಪಕ್ಕದಲ್ಲಿ ಕೂತು ಓದಿ ಹೇಳಿ. ಗಿಡ ಅವರಿಗೆ ಬೇಕಾದಷ್ಟು ದೂರ ನೆಡಲಿ, ಜಾಗ ಬೇಕಾದಷ್ಟಿದೆ.