ಫೈವ್ ಶಾರ್ಪ್ಸ್ ಪ್ಲೇಟು: 45ರದ್ದು ಅಸಲಿಯೇ?

ಪ್ರಶ್ನೆ: ಸರ್, ಫೈವ್ ಶಾರ್ಪ್ಸ್ ಎಂಬ ಡೂ-ವಾಪ್ (ಗುಂಪಾಗಿ ದನಿ ಬೆರೆಸಿ ಹಾಡುವ ಅಮೆರಿಕನ್ ಶೈಲಿ) ತಂಡದ ‘ಸ್ಟಾರ್ಮಿ ವೆದರ್’ ಹಾಡಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತಿನ) ಪ್ಲೇಟು ಮಾರಾಟಕ್ಕಿದೆ. ಜುಬಿಲಿ ಲೇಬಲ್. 1952ರ ಮೊದಲ ಮುದ್ರಣವೆಂದು ದೊಡ್ಡ ಬೆಲೆ ಹೇಳುತ್ತಿದ್ದಾರೆ. ಕೇಳಿಸಿದಾಗ ಟಕ್ ಟಕ್ ಅಂತ ಒಂದೇ ಲಯದ ಸದ್ದಿತ್ತು. ಕೊಳ್ಳಬಹುದೇ?

ಉತ್ತರ: ಆ ಬೆಲೆಗೆ ಖಂಡಿತ ಬೇಡ. ನ್ಯೂಯಾರ್ಕ್‌ನ ಜುಬಿಲಿ ಕಂಪನಿ 1952ರಲ್ಲಿ 5104ನೇ ಸಂಖ್ಯೆಯಾಗಿ ತಂದ ಈ ಹಾಡಿನ ಅಸಲಿ ಪ್ರತಿಗಳು ಸಿಕ್ಕಿರುವುದು ಬೆರಳೆಣಿಕೆಯಷ್ಟು, ಅವೆಲ್ಲ 78ರವು, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ಪ್ಲೇಟುಗಳು. ಆ ವರ್ಷದ 45 ಈವರೆಗೆ ಪತ್ತೆಯಾಗಿಲ್ಲ. ಲೇಬಲ್ ನೋಡಿ ನಂಬುವಂತೆಯೂ ಇಲ್ಲ: 1964ರಲ್ಲಿ ಜುಬಿಲಿಯೇ ಬೇರೆ ಗಾಯಕರಿಂದ ಇದನ್ನು ಮತ್ತೆ ಹಾಡಿಸಿ ಅದೇ ತಂಡದ ಹೆಸರಲ್ಲಿ ಬಿಟ್ಟಿತು. 1972ರಲ್ಲಿ ಬಿಮ್ ಬ್ಯಾಮ್ ಬೂಮ್ ಪತ್ರಿಕೆಯವರು ಬಿರುಕು ಬಿಟ್ಟ 78ರಿಂದ ಒಂದು ಮರುಮುದ್ರಣ ತಂದರು.

ನಿಮ್ಮ ಟಕ್ ಸದ್ದನ್ನು ಅಳೆಯಿರಿ. ಧ್ವನಿಯನ್ನು ಕಂಪ್ಯೂಟರಿಗೆ ಹಾಕಿ ಎರಡು ಟಕ್‌ಗಳ ನಡುವಿನ ಅಂತರ ನೋಡಿ. 45ರ ಪ್ಲೇಟು ಒಂದು ಸುತ್ತಿಗೆ 1.33 ಸೆಕೆಂಡ್ ತೆಗೆದುಕೊಳ್ಳುತ್ತದೆ, 78ರದ್ದು 0.77. ಅಂತರ 1.33 ಇದ್ದರೆ ಗೀರು ಈ ಪ್ಲೇಟಿನ ಮೇಲೆಯೇ ಇದೆ. 0.77 ಬಂದರೆ ಬಿರುಕು ಮೂಲದ 78ರದ್ದು, ಇದು ಅದರ ನಕಲು. 0.38ರ ಆಸುಪಾಸು ಬಂದರೂ ಹಾಗೆಯೇ. ಬಿರುಕು ಪ್ಲೇಟಿನ ಈ ಅಂಚಿನಿಂದ ಆ ಅಂಚಿಗೆ ಹಾದಿದ್ದರೆ ಸುತ್ತಿಗೆ ಎರಡು ಸಲ ಬಡಿಯುತ್ತದೆ.

ಪ್ರಶ್ನೆ: ನನ್ನ ಬಳಿ ಅದೇ ಕಾಲದ ಬೇರೆ ಡೂ-ವಾಪ್ 78ಗಳಿವೆ. ಟರ್ನ್‌ಟೇಬಲ್‌ನಲ್ಲಿ 78ರ ವೇಗ ಇಲ್ಲ. 45ಕ್ಕೆ ಓಡಿಸಿ ಆಮೇಲೆ ವೇಗ ಹೆಚ್ಚಿಸಿದರೆ ಆದೀತೇ?

ಉತ್ತರ: ಆಗುತ್ತದೆ, ಕ್ರಮ ತಪ್ಪಬಾರದು ಅಷ್ಟೆ. ಮಾಮೂಲಿ ಫೋನೋ ಪ್ರಿಆಂಪ್ (ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಸಾಧನ) ಆರ್‌ಐಎಎ ತಿದ್ದುಪಡಿಯನ್ನು, ಅಂದರೆ ಪ್ಲೇಟು ಕೊರೆಯುವಾಗ ತಗ್ಗಿಸಿದ ಬೇಸ್, ಹೆಚ್ಚಿಸಿದ ಟ್ರೆಬಲ್ ಎರಡನ್ನೂ ಮರಳಿ ಸರಿಮಾಡುವುದನ್ನು, ಆಗಲೇ ಹಾಕಿಬಿಡುತ್ತದೆ. ನಿಧಾನಗೊಂಡ ಧ್ವನಿಗೆ ಅದು ತಪ್ಪು ಜಾಗದಲ್ಲಿ ಬೀಳುತ್ತದೆ. ವೇಗ ಸರಿಪಡಿಸಿದ ಮೇಲೆ ಬೇಸ್ ಗಾಯಕನ ದನಿ ಹದಗೆಟ್ಟಿರುತ್ತದೆ. ಹಾಗಾಗಿ ತಿದ್ದುಪಡಿಯಿಲ್ಲದ ಫ್ಲ್ಯಾಟ್ ಪ್ರಿಆಂಪ್‌ನಲ್ಲಿ ದಾಖಲಿಸಿ, ವೇಗವನ್ನು 1.739 ಪಟ್ಟು ಮಾಡಿ, ಆಮೇಲೆ ಈಕ್ವಲೈಸೇಶನ್ (ಅದೇ ತಿದ್ದುಪಡಿ) ಕೊಡಿ. 1954ಕ್ಕೆ ಮುಂಚಿನವಕ್ಕೆ ಆರ್‌ಐಎಎಗಿಂತ ಎಇಎಸ್ ಕರ್ವ್ ಎಂಬ ಆಗಿನ ತಿದ್ದುಪಡಿಯಿಂದ ಶುರುಮಾಡುವುದು ಒಳ್ಳೆಯದು.

ಮುಳ್ಳು 3 ಮಿಲ್‌ನದ್ದೇ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ಬೇಕು. ಎಲ್‌ಪಿಯ 0.7 ಮಿಲ್ ಮುಳ್ಳು 78ರ ಅಗಲವಾದ ಗ್ರೂವ್‌ನ (ಧ್ವನಿ ಕೊರೆದ ಸಾಲಿನ) ತಳಕ್ಕಿಳಿದು ಅಲ್ಲಿನ ಕೊಳೆಯನ್ನೇ ಓದುತ್ತದೆ. ಸ್ಟೀರಿಯೋ ಕಾರ್ಟ್ರಿಜ್ ಆದರೆ ಎಡ-ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ, ಮುಳ್ಳಿನ ಮೇಲೆ-ಕೆಳಗಿನ ಅಲುಗಾಟದ ಗಲಾಟೆ ಅಲ್ಲೇ ಕಳೆಯುತ್ತದೆ.

ತೊಳೆಯಲು ಆಲ್ಕೋಹಾಲ್ ಮುಟ್ಟಿಸಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ವಾಟರ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆಯ ಬ್ರಷ್, ಕೂಡಲೇ ಒರೆಸುವುದು. ಲೇಬಲ್ ನೆನೆಯಬಾರದು. ಬಿರುಕಿದ್ದರೆ ಆ ಜಾಗಕ್ಕೆ ನೀರೇ ಬೇಡ.

ಪ್ರಶ್ನೆ: ಫೈವ್ ಶಾರ್ಪ್ಸ್ ಹಾಡಿನ 78ರ ನಕಲಿಗೆ ನಾಯ್ಸ್ ರಿಡಕ್ಷನ್ (ಸರಸರ ತಗ್ಗಿಸುವ ಸಾಫ್ಟ್‌ವೇರ್) ಹಾಕಿದೆ. ಆರಂಭವೇ ಮಂಕಾಯಿತು, ಯಾಕೆ?

ಉತ್ತರ: ಆ ಹಾಡು ಶುರುವಾಗುವುದೇ ಗುಡುಗು-ಮಳೆಯ ಸದ್ದಿನಿಂದ. ಮಳೆಯ ಸದ್ದೂ ಪ್ಲೇಟಿನ ಸರಸರವೂ ಸಾಫ್ಟ್‌ವೇರಿಗೆ ಒಂದೇ. ಸಾಫ್ಟ್‌ವೇರಿಗೆ ಕೊಡುವ ಸರಸರದ ಮಾದರಿಯನ್ನು ಗುಡುಗಿಗೂ ಮುಂಚಿನ ಖಾಲಿ ಗ್ರೂವ್‌ನಿಂದ ತೆಗೆಯಿರಿ, ಅರ್ಧ ಸೆಕೆಂಡ್ ಸಿಕ್ಕರೂ ಸಾಕು. ಮೊದಲು ಟಕ್‌ಗಳನ್ನು ತೆಗೆದು, ಆಮೇಲೆ ಸರಸರವನ್ನು 4-5 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸದೆ ಬಿಡಿ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಜಮೈಕಾ ಬಡಾವಣೆಯ ಆ ಹುಡುಗರು ಈ ಹೆಸರಲ್ಲಿ ಬಿಟ್ಟದ್ದು ಇದೊಂದೇ ಪ್ಲೇಟು. ರೊನಾಲ್ಡ್ ಕಫಿಯ ಮುಖ್ಯ ದನಿಯ ಹಿಂದೆ ಉಳಿದವರ ಉಸಿರೂ ಕೇಳಬೇಕು. ಅದಕ್ಕಾಗಿ ಸ್ವಲ್ಪ ಸರಸರ ಇದ್ದರೂ ಇರಲಿ.