ಸಹಾಯ ಬೇಕು: ಹಳೆಯ ಲಾರಿಗೆ ಮನೆಯಲ್ಲೇ ಕಾರ್ಯಾಗಾರ

ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆಯ ಲಾರಿಯೊಂದನ್ನು ಬಿಚ್ಚಿ ಮತ್ತೆ ಜೋಡಿಸುವ ಹುಚ್ಚು ಹಿಡಿದಿದೆ. ಜಾಗಕ್ಕೆ ಕೊರತೆಯಿಲ್ಲ, ನೆಲದ ಕಾಂಕ್ರೀಟ್ ಮಾತ್ರ 10 ಸೆಂಟಿಮೀಟರ್ ದಪ್ಪವಷ್ಟೇ. ದೊಡ್ಡ ಚಿಂತೆ ಎಂಜಿನ್ ಎತ್ತುವುದು. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಗೇರ್‌ಬಾಕ್ಸೂ ಸೇರಿದರೆ ಅರ್ಧ ಟನ್ನಿಗೂ ಹೆಚ್ಚು. ಚಾವಣಿಯ ತೊಲೆಗೆ ಸರಪಳಿ ರಾಟೆ ಕಟ್ಟಲು ಧೈರ್ಯವಿಲ್ಲ, ಅದು ತಗಡಿನ ಭಾರಕ್ಕೆಂದು ಹಾಕಿದ ತೊಲೆ. ಗಾಲಿಗಳಿರುವ ಗ್ಯಾಂಟ್ರಿ (ಭಾರ ಎತ್ತಲು ಕಾಲುಗಳ ಮೇಲೆ ಅಡ್ಡ ತೊಲೆ ಕೂರಿಸಿದ ಚೌಕಟ್ಟು) ಮಾಡಿಸಿದರೆ ಗಾಲಿಯ ಕೆಳಗೆ ನೆಲ ಬಿರಿಯುತ್ತದೆಯೇ? ಉಕ್ಕಿನ ತಗಡು ಹಾಸಿದರೆ ಸಾಕೇ?

ಇನ್ನೊಂದು: ಚಾಸಿಯ ತುಕ್ಕನ್ನು ಬ್ಲಾಸ್ಟಿಂಗ್ ಮಾಡಿ, ಅಂದರೆ ಒತ್ತಡದ ಗಾಳಿಯಲ್ಲಿ ಒರಟು ಪುಡಿ ಚಿಮ್ಮಿಸಿ, ತೆಗೆಯೋಣವೆಂದರೆ ನನ್ನ 50 ಲೀಟರ್ ಕಂಪ್ರೆಸರ್ ಎರಡೇ ನಿಮಿಷಕ್ಕೆ ಏದುಸಿರು ಬಿಡುತ್ತದೆ. (ಸಿಲಿಕಾ ಮರಳಿನ ದೂಳು ಶ್ವಾಸಕೋಶಕ್ಕೆ ಕೇಡು, ಗೊತ್ತು, ಬಳಸುವುದು ಗಾರ್ನೆಟ್ ಪುಡಿ.) ದೊಡ್ಡದನ್ನು ಕೊಳ್ಳಲೇ, ತಂತಿ ಬ್ರಷ್ಷಿನಲ್ಲೇ ತಿಕ್ಕುತ್ತ ಕೂರಲೇ? ಕೈಯಾರೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.